ಹುಲಿ ಹೊರಳಿದ ಅರಿಶಿನ

ಈ ವಾರ ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ಏಳುಮಲೆ ಮಾದಪ್ಪ ನನ್ನ ನಾಲಗೆ ಸೇದಿಕೊಳ್ಳಲಿ. ಮದ್ದೂರು ಕಾಡಿನ ಚಿರತೆಗೆ ರಿಜಿಸ್ಟರ್ ಪತ್ರ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡೆನಲ್ಲ, ಆ ಮಾತು ಬೇರೆ. ಅದನ್ನು ನಂಬಿದವರು ನಂಬಿ, ಬಿಟ್ಟವರು ಬಿಡಿ. ಇದನ್ನು ಮಾತ್ರ ನಂಬಬೇಕು. ಇದರಲ್ಲಿ ನನ್ನ ಮಗಳಿದ್ದಾಳೆ.

“ಬಾಯಿ ತೆಗಿ ಮಾದಯ್ಯ,” ಎಂದೆ.

“ಯಾಕ್ ಬುದ್ಧಿ, ಕಾರ್ಡಿಗ ಹಾಕ ಮೊಹರ ಹಲ್ಲಿಗೂ ಹಾಕೀರಾ?”

“ತೆಗಿ ಅಂದ್ರ ತೆಗಿ.”

ಗುಂಡ್ಲುಪೇಟೆಯ ಬಸ್ ಷೆಡ್ಡಿನಲ್ಲಿ ಮಟಮಟ ಮಧ್ಯಾಹ್ನ. ಮೈಸೂರು ರಾಜ್ಯ ದೊಡ್ಡದಾಗಿ ಆರು ತಿಂಗಳಾಗಿತ್ತು. ಆ ಖುಷಿಗೆ ಹಳೆಯ ಬಸ್ಸುಗಳಿಗೂ ಹೊಸ ಬಣ್ಣ ಬೀಳುತ್ತಿತ್ತು. ಬಳಿಯುವವನು ದೊಡ್ಡಮಾದಯ್ಯ. ನಾನು ಊರಿನ ಅಂಚೆಯವನು, ಮರಿಮಲ್ಲಪ್ಪ. ಅವನಿಗೊಂದು ಕಾರ್ಡು ಬಂದಿತ್ತು. ಕೈಗೆ ಕೊಟ್ಟೆ. ಕುಯ್ದ ಸೋರೆಕುಡಿಯ ಹಾಗೆ ಅವನ ಮಣಿಕಟ್ಟು ಜೋತುಬಿದ್ದಿತ್ತು. ಕಾರ್ಡು ಜಾರಿ ನೆಲಕ್ಕೆ ಬಿತ್ತು.

ಎಂಟು ದಿನದ ಹಿಂದೆ ಬೀಗರ ಊರು ಹರವೆಯಲ್ಲಿ ನನ್ನ ಮಗಳ ಕೈಯಿಂದ ಹಾಲಿನ ಲೋಟ ಜಾರಿದ್ದೂ ಹೀಗೆಯೇ.

ಮೂರು ವಾರದಿಂದ ನಾನು ಹುಡುಕುತ್ತಿರುವುದು ಒಂದನ್ನೇ. ಬೀಗರ ಮನೆಯಲ್ಲಿ ನನ್ನ ಬಾಣಂತಿ ಮಗಳು ಗುರುಮಲ್ಲಮ್ಮನ ಹೊಟ್ಟೆಗೆ ಯಾವ ವಿಷ ಬೀಳುತ್ತಿದೆ? ಯಾರ ಕೈಯಿಂದ ಬೀಳುತ್ತಿದೆ?

ಮಾದಯ್ಯ ಬಾಯಿ ತೆಗೆದ. ಕೆಳವಸಡಿನ ಅಂಚಿಗೆ ನೀಲಿ ಗೆರೆ. ಶಾನುಭೋಗರು ರೂಲುದೊಣ್ಣೆ ಇಟ್ಟು ಎಳೆದಷ್ಟು ನೆಟ್ಟಗೆ.

ನನ್ನ ಮಗಳ ವಸಡಿನಲ್ಲೂ ಅದೇ ಗೆರೆ. ಅದನ್ನು ನೋಡಿಯೇ ಬೀಗರು ಇದು ಕೈಮದ್ದು, ಯಾರೋ ಅನ್ನದಲ್ಲಿ ಗುಟ್ಟಾಗಿ ಕಲಸಿ ಇಕ್ಕಿದ್ದಾರೆ ಎಂದು ತೀರ್ಮಾನಿಸಿದ್ದು. ಇಕ್ಕಿದವರನ್ನು ಹುಡುಕಲು ಅವರು ದೂರವೂ ಹೋಗಲಿಲ್ಲ. ಮನೆಯಲ್ಲಿ ಅತ್ತೆಗೆ ಹೊಟ್ಟೆನೋವು, ಸೊಸೆಗೆ ಹೊಟ್ಟೆನೋವು. ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಂಡಿದ್ದ, ಬೀಗರ ವಿಧವೆ ಅತ್ತಿಗೆ ಶಿವರುದ್ರಮ್ಮ ಮಾತ್ರ ಗುಂಡುಕಲ್ಲು. ಗಟ್ಟಿಯಾಗಿರುವುದೇ ಅವಳ ಅಪರಾಧ.

“ಹೊಟ್ಟೆ ಹೆಂಗದ ಮಾದಯ್ಯ?”

“ಕುಡ್ಲಲ್ಲಿ ಕುಯ್ದಂಗ ಆಯ್ತದ. ವಾರಕ್ಕೊಂದ್ಸಲ ಬಯಲಿಗ ಹೋದ್ರ ಅವತ್ತು ನಮ್ಮನಲಿ ಹಬ್ಬ.”

“ನಿಂಗ್ಯಾರು ಮದ್ದಿಕ್ದೋರು?”

“ಅಗೋ, ಅದು,” ಎಂದು ಅರ್ಧ ಹಳದಿಯಾಗಿದ್ದ ಬಸ್ಸಿನ ಕಡೆಗೆ ಗದ್ದ ತೋರಿಸಿದ. “ಮೈಸೂರಿನ ಡಾಕ್ಟ್ರು ನನ್ ನೆತ್ರ ಒಂದ್ ತೊಟ್ಟು ಗಾಜಿನ ಮ್ಯಾಲ ಹಚ್ಚಿ ದುರ್ಬೀನಲ್ಲಿ ನೋಡುದ್ರು. ನೆತ್ರಲ್ಲಿ ರಾಗಿಗಿಂತ ಸಣ್ಣ ಕಣ ಇರ್ತವಂತ. ನನ್ ಕಣದ ಮ್ಯಾಲೆಲ್ಲ ಚುಕ್ಕಿ ಚುಕ್ಕಿ, ಸಿಡುಬೆದ್ದಂಗ. ಬಣ್ಣದಲ್ಲಿ ಸೀಸ ಅದ ಕಣಯ್ಯ, ಅದು ನಿನ್ ಮೂಳಲ್ಲಿ ಮನ ಮಾಡ್ಕಂಡದ ಅಂದ್ರು. ಖಾಲಿ ಮಾಡು ಅಂದ್ರ ಮಾಡದಿಲ್ವಂತ.”

“ಒಂದೇ ಸಲಕ್ಕ ಹಂಗಾಯ್ತದಾ?”

“ಎಲ್ ಬಂತು. ದಿನಾ ಒಂದಿಷ್ಟು ಒಳಗ ಹೋಗ್ತಿದ್ರ ಸಾಕು. ಇವತ್ತು ಗೊತ್ತಾಗಲ್ಲ, ನಾಳ ಗೊತ್ತಾಗಲ್ಲ. ಗೊತ್ತಾಗ ಹೊತ್ಗ ಕೈ ಬಿದ್ದಿರ್ತದ.”

ನನ್ನ ಮಗಳು ಬಸ್ಸಿಗೆ ಬಣ್ಣ ಬಳಿದವಳಲ್ಲ. ಬಸ್ಸು ಹತ್ತಿದರೇ ವಾಂತಿ ಮಾಡುವವಳು.

“ಯಾವ್ ಬಣ್ಣದಲ್ಲಿ ಅದ ಆ ಸೀಸ?”

“ಈ ಹಳದೀಲಿ. ಎಣ್ಣಗ ಕಲಸ ಪುಡಿ.” ಕಾಲಿನಿಂದ ಒಂದು ತಗಡಿನ ಡಬ್ಬವನ್ನು ನನ್ನತ್ತ ನೂಕಿದ. ಮುಚ್ಚಳದ ಮೇಲೆ ಗರಿ ಬಿಚ್ಚಿದ ನವಿಲಿನ ಚಿತ್ರ. “ಈರೋಡಿಂದ ಬತ್ತದ.”

“ಈ ಊರಲ್ಲಿ ಇನ್ಯಾರಾರ ತರಿಸ್ತಾರಾ?”

“ನಾ ವರ್ಸಕ್ಕ ಎರಡ್ ಡಬ್ಬ. ಗಂಗಾಧರಸ್ವಾಮೋರು ಇಪ್ಪತ್ತು ಡಬ್ಬ. ಅವ್ರಿಗ ಎಷ್ಟ್ ಬಸ್ಸವ, ನಾ ಕಾಣಿ.”

ಗಂಗಾಧರಸ್ವಾಮಿಗೆ ಬಸ್ಸಿಲ್ಲ. ಅವನಿಗಿರುವುದು ಅರಿಶಿನ ಬೇಯಿಸಿ, ಒಣಗಿಸಿ, ಪೀಪಾಯಿಯಲ್ಲಿ ಉರುಳಿಸಿ ಹೊಳಪು ಕೊಡುವ ಕಣ.

ಮಗಳ ಬಾಣಂತನಕ್ಕೆ ಏಳು ಸೇರು ಅರಿಶಿನ ಹೋದದ್ದು ಆ ಕಣದಿಂದ. ಹೊತ್ತುಕೊಂಡು ಹೋದವನು ನಾನು.

ಅವಳು ತಾಯಿಯಿಲ್ಲದ ಹುಡುಗಿ. ನಮ್ಮ ಮನೆಯಲ್ಲಿ ಬಾಣಂತನ ಮಾಡುವ ಹೆಂಗಸಿಲ್ಲವೆಂದು ಹೆರಿಗೆ ಅತ್ತೆಯ ಮನೆಯಲ್ಲೇ ಆಯಿತು. ತವರಿನ ಅರಿಶಿನವಾದರೂ ಸೊಗಸಾಗಿ ಹೋಗಲಿ ಎಂದುಕೊಂಡಿದ್ದೆ.

ಅವತ್ತು ಮುಸ್ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮದ್ದು ಕಕ್ಕಿಸುವ ಮುದುಕಿಯೊಬ್ಬಳು ಸಂತೆಮರಹಳ್ಳಿಯಿಂದ ಹರವೆಗೆ ಬರುವವಳಿದ್ದಳು. ಅವಳ ಕ್ರಮ ಊರಿಗೆಲ್ಲ ಗೊತ್ತು. ತವರಿನ ಅರಿಶಿನ ಒಂದು ಬೊಗಸೆ, ನುಣ್ಣಗೆ ಅರೆದು, ಹಾಲಿಗೆ ಕದಡಿ, ಒಂದೇ ಉಸಿರಿಗೆ ಕುಡಿಸುವುದು. ಮೂರು ಸಂಜೆ.

ಗುರುಮಲ್ಲಿಯ ಮೈಯಲ್ಲಿ ಮೂರು ಸಂಜೆಗಾಗುವಷ್ಟು ಜೀವ ಇರಲಿಲ್ಲ.

ಮಾದಯ್ಯನ ಆ ಬಿದ್ದ ಕೈ ಹಿಡಿದುಕೊಂಡೆ. “ಬಾ ನನ್ ಜೊತ. ಈ ಕೈ ತೋರಿಸುದ್ರ ಬೀಗ್ರು ನಂಬ್ತಾರ.”

“ಕೈ ತೋರ್ಸಕ್ಕ ಜಗಲಿ ಹತ್ಬೇಕಲ್ಲ ಬುದ್ಧಿ. ಹತ್ತಕ್ಕ ಬುಟ್ಟಾರಾ?”

ಉತ್ತರ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

“ಮುಚ್ಚಳ ತಗಂಡೋಗಿ,” ಎಂದ. “ಅದುಕ್ಕ ಜಾತಿ ಇಲ್ಲ.”

ಉಳಿದ ಟಪಾಲನ್ನು ಅರ್ಧ ಹಳದಿಯ ಬಸ್ಸಿನ ಸೀಟಿನ ಮೇಲಿಟ್ಟೆ. ನೌಕರಿ ಕಳೆಯುವ ಕೆಲಸ. ಕಳೆಯಲಿ.

ಕಣದಲ್ಲಿ ಪೀಪಾಯಿ ತಿರುಗುತ್ತಿತ್ತು. ನಾಲ್ಕು ಆಳುಗಳು ಮೂಗಿಗೆ ಟವಲು ಕಟ್ಟಿಕೊಂಡು ಹಿಡಿ ತಿರುವುತ್ತಿದ್ದರು. ಅವರ ರೆಪ್ಪೆಗಳು ಹಳದಿ, ಬೇವಿನ ಎಲೆಗಳು ಹಳದಿ, ತೊಟ್ಟಿಯ ನೀರಿಗೆ ಬಂದ ಗುಬ್ಬಚ್ಚಿಯೂ ಹಳದಿ. ಗುಬ್ಬಚ್ಚಿಯದು ಸುಳ್ಳು ಎನ್ನುತ್ತೀರಿ. ಆಣೆ ಇಟ್ಟಿದ್ದೇನೆ.

ಗಂಗಾಧರಸ್ವಾಮಿ ಮಣೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಒಂದೇ ಜಗಲಿಯ ಮಠದಲ್ಲಿ ಅಕ್ಷರ ತಿದ್ದಿದವರು ನಾವು.

“ಏನ್ಲಾ ಮರಿಮಲ್ಲ, ಕಾಗ್ದ ತಂದ್ಯಾ, ಕತ ತಂದ್ಯಾ?”

“ಒಂದ್ ಮಾತ್ ಕೇಳಕ್ ಬಂದಿ.”

“ಕೇಳು. ಕಾಸ ಬೀಳಲ್ಲ.”

ಕೇಳುವುದಕ್ಕೆ ಮೊದಲು ಸುತ್ತ ನೋಡಿದೆ. ಅದು ನನ್ನ ಪದ್ಧತಿ. ಕಳ್ಳನ ಮುಖಕ್ಕಿಂತ ಕಳ್ಳನ ಮನೆ ಬೇಗ ಬಾಯಿ ಬಿಡುತ್ತದೆ. ಕಣದ ತುಂಬ ಹೊಳೆಯುವ ಅರಿಶಿನದ ರಾಶಿ, ಕಣ್ಣು ಕುಕ್ಕುವಂಥದ್ದು. ಆಚೆ, ಮನೆಯ ಬಾಗಿಲ ಪಕ್ಕ, ಒಂದು ಸಣ್ಣ ಈಚಲು ಚಾಪೆ. ಅದರ ಮೇಲೆ ಮಣ್ಣುಬಣ್ಣದ, ಸಿಪ್ಪೆ ಸುಲಿಯದ, ಮಂಕು ಕೊಂಬುಗಳು. ಅವನ ಹೆಂಡತಿ ಅವುಗಳನ್ನು ಒಂದೊಂದಾಗಿ ಆರಿಸಿ ಮಡಕೆಗೆ ತುಂಬುತ್ತಿದ್ದಳು.

“ಅದ್ಯಾವ್ ಅರಿಸಿಣ ಕಣ್ಲಾ?”

“ಅದಾ? ಮನ ಖರ್ಚಿಂದು.”

“ಊರಿಗೆಲ್ಲ ಚಿನ್ನ ಕೊಟ್ಟು ಮನಗ ಮಣ್ಣ ಇಟ್ಕಂಡಿದ್ದಯಲ್ಲ. ಇಷ್ಟ್ ಒಳ್ಳೇವ್ನಾ ನೀನು?”

ಎಲೆಯ ಮೇಲೆ ಅವನ ಬೆರಳು ನಿಂತಿತು.

ನವಿಲಿನ ಮುಚ್ಚಳವನ್ನು ಮಣೆಯ ಮೇಲೆ ಇಟ್ಟೆ. “ಎಷ್ಟ್ ಬಸ್ಸು ಬುಟ್ಟಿದ್ದಯ್ಯಾ?”

ಅವನು ಕೈ ಎತ್ತಿದ. ಪೀಪಾಯಿ ನಿಂತಿತು.

“ಮೆಲ್ಲಗ ಮಾತಾಡು. ಎಲ್ಲಾ ಕಣದಲ್ಲೂ ಹಾಕ್ತಾರ. ಮಂಕಾಗಿದ್ರ ಈರೋಡಿನ ಮಂಡಿಯೋರು ಮೂಸೂ ನೋಡಲ್ಲ. ಹೊಳಪು ಕೇಳೋರು ನೀವು, ನಾ ಹಾಕ್ತೀನಿ. ಸಾರಿಗ ಹೋಗದು ಒಂದ್ ಚಿಟಿಕ. ಚಿಟಿಕಲಿ ಏನಾದ್ದು?”

“ಬಾಣಂತಿ ಚಿಟಿಕ ಲೆಕ್ಕದಲ್ಲಿ ತಿಂದಾಳೇನ್ಲಾ? ತುಪ್ಪಕ್ಕ ಅರಿಸಿಣ, ಹಾಲಿಗ ಅರಿಸಿಣ, ಮೈಗ ಅರಿಸಿಣ. ಮಗು ಮೊಲ ಚೀಪುದ್ರ ಅದ್ರ ಬಾಯ್ಗೂ ಅರಿಸಿಣ. ನನ್ ಮಗ್ಳು ಸಾಯ್ತಾವ್ಳ ಗಂಗಾಧರ.”

“ನಂಗೇನ್ ಗೊತ್ತಿತ್ತಪ್ಪ?”

“ಗೊತ್ತಿಲ್ದೆ ಇದ್ರ ನಿನ್ ಮನ ಮಡಕ ಯಾಕ ಬ್ಯಾರ?”

ಅವನು ಹೆಂಡತಿಯ ಕಡೆ ನೋಡಿದ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

“ಮೂರ್ ವರ್ಸದ ಹಿಂದ ಇವ್ಳು ಹೊಟ್ಟ ಹಿಡ್ಕಂಡ್ಳು,” ಎಂದ, ಮುಚ್ಚಳದ ನವಿಲಿಗೆ ಹೇಳುವವನ ಹಾಗೆ. “ಅನುಮಾನ ಬಂತು. ನಮ್ ಮನಗ ಬುಟ್ಬುಟ್ಟೊ. ವಾಸಿ ಆಯ್ತು. ಅಷ್ಟೇ ನಂಗೊತ್ತಿರದು.”

“ಅಷ್ಟೇನಾ?”

“ಇನ್ನೇನ್ ಟಾಂ ಟಾಂ ಹೊಡಸಬೇಕಿತ್ತಾ?”

“ಬಾ, ಹರವಗ ಹೋಗನ. ಈ ಮಾತ ನನ್ ಬೀಗ್ರ ಮುಂದ ಒಂದ್ಸಲ ಹೇಳ್ಬುಡು. ಕಾಲ್ ಹಿಡ್ಕತೀನಿ.”

ನಿಜವಾಗಿಯೂ ಹಿಡಿದೆ. ಆಳುಗಳು ಟವಲಿನ ಮೇಲಿಂದ ನೋಡುತ್ತಿದ್ದರು. ಅವನು ಕಾಲು ಎಳೆದುಕೊಂಡ. ನಾಚಿಕೆಯಾದವನಿಗೆ ಬರುವ ಸಿಟ್ಟು ಅವನಿಗೂ ಬಂತು.

“ನೀನೇನ್ ಸಾಚಾನಾ? ಅವತ್ತು ಇಲ್ಲೇ ನಿಂತ್ಕಂಡು ಏನಂದ? ‘ತವರಿಂದ ಹೋಗ ಅರಿಸಿಣ ಕಣ್ಲಾ, ಬೀಗ್ರ ಕಣ್ ಕುಕ್ಬೇಕು, ಇನ್ನೊಂದ್ ಸುತ್ತು ತಿರುಗ್ಸು’ ಅಂದೋನ್ ಯಾರು? ನಾ ಸಾಕು ಅಂದಿ. ನೀ ಬುಡ್ಲಿಲ್ಲ. ಊರೋರ್ದಕ್ಕೆಲ್ಲ ಒಂದ್ ಪಾಲು ಪುಡಿ ಬಿದ್ರ ನಿನ್ ಮಗ್ಳುದಕ್ಕ ಎರಡ್ ಪಾಲು ಬಿತ್ತು.”

ಇಪ್ಪತ್ತು ವರ್ಷದಿಂದ ಪತ್ತೇದಾರಿಕೆ ಮಾಡಿದ್ದೇನೆ. ಕಳೆದ ಎಮ್ಮೆ ಹುಡುಕಿದ್ದೇನೆ, ಓಡಿಹೋದ ಅಳಿಯನನ್ನು ಹುಡುಕಿದ್ದೇನೆ. ಕೊನೆಯ ಬಾಗಿಲು ತೆರೆದಾಗ ಕಳ್ಳ ನನ್ನದೇ ಖಾಕಿ ಕೋಟು ತೊಟ್ಟು ನಿಂತಿದ್ದು ಅದೇ ಮೊದಲು.

ಗಂಗಾಧರಸ್ವಾಮಿ ಕೈ ಎತ್ತಿದ. ಪೀಪಾಯಿ ಮತ್ತೆ ತಿರುಗಿತು.

ಸೈಕಲ್ಲನ್ನು ಚಾಮರಾಜನಗರದ ಬಸ್ಸಿನ ನೆತ್ತಿಗೆ ಹಾಕಿ, ಹರವೆಯ ಕವಲಿಗೆ ಇಳಿದು, ಉಳಿದ ದಾರಿ ತುಳಿದೆ. ಬಿಸಿಲು ಬೆನ್ನ ಮೇಲೆ ಬಾಗುತ್ತಿತ್ತು. ನಲವತ್ತೆಂಟರ ಮೊಣಕಾಲು ಒಂದೊಂದು ಏರಿಗೂ ನನ್ನನ್ನು ಬೈಯುತ್ತಿತ್ತು.

ಪೀಪಾಯಿಯ ಎರಡನೆಯ ಸುತ್ತಿಗಿಂತ ದೊಡ್ಡ ತಪ್ಪೊಂದಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಅರಿಶಿನ ಕೊಟ್ಟ ದಿನ ಬೀಗರು ಮುಷ್ಟಿಯಲ್ಲಿ ಹಿಡಿದು, “ಎಂಥಾ ಹೊಳಪು ಬೀಗ್ರೇ! ಯಾವ್ ಹೊಲದ್ದು?” ಎಂದಿದ್ದರು. ಗಂಗಾಧರನ ಕಣದ್ದು ಎಂದಿದ್ದರೆ ಮುಗಿಯುತ್ತಿತ್ತು. ನನ್ನ ನಾಲಗೆ ಸುಮ್ಮನಿರಬೇಕಲ್ಲ. ಮದ್ದೂರು ಕಾಡಿನಂಚಿನಲ್ಲಿ ಗುಂಡೇಟು ತಿಂದ ಹೆಣ್ಣುಹುಲಿಯೊಂದು ಅರಿಶಿನದ ಹೊಲಕ್ಕೆ ಬಂದು ಮೂರು ಹಗಲು ಮೂರು ರಾತ್ರಿ ಹೊರಳಾಡಿತು, ಗಾಯ ಮಾಯ್ದು ಎದ್ದು ನಿಂತಿತು, ಹೋಗುವಾಗ ನನಗೆ ಬಾಲ ಆಡಿಸಿ ಹೋಯಿತು, ಆ ಹೊಲದ ಕೊಂಬು ಇದು ಎಂದೆ.

ಚಿರತೆಯ ಹೆಬ್ಬೆಟ್ಟನ್ನು ನಂಬದವರು ಹುಲಿಯ ಬಾಲವನ್ನು ನಂಬಿದರು. ಅವತ್ತಿನಿಂದ ಆ ಮನೆಯಲ್ಲಿ ನೆಗಡಿಗೂ ಅದೇ, ನೋವಿಗೂ ಅದೇ. ನೋವು ಹೆಚ್ಚಿದಷ್ಟೂ ಅರಿಶಿನ ಹೆಚ್ಚಿತು. ಅರಿಶಿನ ಹೆಚ್ಚಿದಷ್ಟೂ ನೋವು ಹೆಚ್ಚಿತು.

ನಾನು ಹರವೆ ಮುಟ್ಟಿದಾಗ ಬೀಗರು ಪುಟ್ಟಮಲ್ಲಪ್ಪನವರು ಜಗಲಿಯ ಮೇಲಿದ್ದರು. ಆರಡಿ ಆಳು, ಮಗುವಿನ ಮುಖ. ಒಳಗೆ ಅರೆಯುವ ಕಲ್ಲಿನ ಸದ್ದು ಆಗಲೇ ಶುರುವಾಗಿತ್ತು.

“ಬಂದ್ರಾ ಬೀಗ್ರೇ! ಒಳ್ಳೆ ಹೊತ್ತಿಗ ಬಂದ್ರಿ. ಮಗ ಈಗಿನ್ನ ಮುದ್ಕಿನ ಇಳ್ಸಿ ಗಾಡಿ ಬುಡಕ್ಕ ಹೋದ. ನಿಮ್ ಅರಿಸಿಣ ಸಾಕಾಯ್ತದಾ ಅಂತಿದ್ದಿ. ಡಬ್ಬಲಿ ಇನ್ನೂ ಮೂರ್ ಸೇರದ.”

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಸೀಸ, ನೆತ್ತರಿನ ಕಣ, ಮಾದಯ್ಯನ ಕೈ, ಗಂಗಾಧರನ ಮನೆಯ ಚಾಪೆ. ಬಣ್ಣ ಕಟ್ಟದೆ, ಬಾಲ ಆಡಿಸದೆ ಹೇಳಿದೆ. ಜನ್ಮದಲ್ಲಿ ಮೊದಲ ಸಲ ಹಾಗೆ ಹೇಳಿದ್ದರಿಂದಲೋ ಏನೋ, ಮಾತು ಎಡವಿ ಎಡವಿ ಬಂತು. ಕೊನೆಗೆ ಮುಚ್ಚಳ ತೋರಿಸಿದೆ.

ಅವರು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಚೆಂದದ ನವುಲು,” ಎಂದರು. “ಬಸ್ಸಿಗ ಬಳಿಯ ಬಣ್ಣ ಅರಿಸಿಣಕ್ಕಾ? ಬೀಗ್ರೇ, ಬೇಜಾರ್ ಮಾಡ್ಕಬ್ಯಾಡಿ, ಹುಲಿ ಕತನೇ ಚೆಂದಾಗಿತ್ತು. ಇದ್ಯಾಕೋ ಜೋಡ್ಸಕ್ಕ ಬರ್ನಿಲ್ಲ ನಿಮ್ಗ.”

“ಹುಲಿ ಕತ ಸುಳ್ಳು ಕಣಿ!”

“ಅದ ಸುಳ್ಳು ಅನ್ನದೇ ಈಗ ಸುಳ್ಳು.” ಅವರ ಕಣ್ಣಂಚು ಒದ್ದೆಯಾಗಿತ್ತು. “ನಂಗೂ ಅವ್ಳು ಮಗ್ಳೇಯ. ಇದೊಂದು ಉಳದದ. ಇದ ಕಿತ್ಕಬ್ಯಾಡಿ.”

“ಶಿವರುದ್ರವ್ವನ ಮಡಕಲಿ ಮಂಕು ಅರಿಸಿಣ ಅದ. ಹಿತ್ತಲಲ್ಲಿ ತಾನೇ ಬೆಳದದ್ದು. ಅರಿಸಿಣನೇ ಕುಡಿಸ್ಬೇಕು ಅಂದ್ರ ಅದ ಅರೀರಿ. ಅವ್ಳು ಗಟ್ಟಿಯಾಗಿರದು ಅದುಕ್ಕೇಯ!”

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಪುಟ್ಟಮಲ್ಲಪ್ಪನವರ ಮುಖದಲ್ಲಿದ್ದ ಮಗು ಎದ್ದು ಹೋಗಿತ್ತು.

“ಮದ್ದಿಕ್ದೋಳ ಮಡಕದ ತಗದು ಮದ್ದಿಗ ಕೊಡನಾ? ಅವ್ಳೇ ಹೇಳ್ಕೊಟ್ಳಾ ನಿಮ್ಗ ಈ ಮಾತ?”

ಎರಡು ದಿನದಿಂದ ಶಿವರುದ್ರಮ್ಮನನ್ನು ಹುಲ್ಲಿನ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದರು. ಮದ್ದು ಹೊರಗೆ ಬರುವವರೆಗೂ ಇಕ್ಕಿದವಳ ಕಣ್ಣು ಬಾಣಂತಿಯ ಮೇಲೆ ಬೀಳಬಾರದಂತೆ.

ಮಗಳನ್ನು ನೋಡುತ್ತೇನೆಂದು ಒಳಗೆ ಹೋದೆ. ನಡುಮನೆಯಲ್ಲಿ ಬೀಗಿತ್ತಿ ಹೊಟ್ಟೆ ಹಿಡಿದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿಯ ಹೊಗೆ. ಗುರುಮಲ್ಲಿ ಕಂಬಳಿಯೊಳಗೆ ಒಂದು ಮಡಿಕೆಯಷ್ಟೇ ಉಳಿದಿದ್ದಳು. ಪಕ್ಕದಲ್ಲಿ ಮಗು, ಅಳುವುದಕ್ಕೂ ಸೋಮಾರಿತನ ಅದಕ್ಕೆ.

“ಅಪ್ಪಾ, ಇವತ್ಯಾವ್ ಕತ?”

“ಇವತ್ತು ಕತ ಇಲ್ಲ ಕಣಮ್ಮಿ.”

“ಸುಳ್ಳು.” ನಕ್ಕಳು. ನೀಲಿ ಗೆರೆ ಕಂಡಿತು. ಅವಳ ಕೆನ್ನೆಯೊಳಗೆ ಏನೋ ಗಂಟಿನ ಹಾಗೆ ಉಬ್ಬಿತ್ತು.

“ಬಾಯ್ಲೇನವ್ವ?”

“ನಿನ್ ಅರಿಸಿಣ. ದಿಂಬಿನ ಅಡೀಲಿ ಇಟ್ಕಂಡಿದ್ದಿ. ನೋವು ಬಂದಾಗ ಒಂಚೂರು ಕಚ್ಕತೀನಿ. ತವರ ನೆನಪಾಯ್ತದ.”

“ಉಗಿ. ಉಗ್ದುಬುಡು ಕಣವ್ವ.”

“ಹುಲಿ ಉಗೀತಾ ಅಪ್ಪಾ?”

ನಾನು ಬೆರಳು ಹಾಕಿ ತೆಗೆದೆ, ಎಳೆಗೂಸಿನ ಬಾಯಿಂದ ಮಣ್ಣು ತೆಗೆಯುವ ಹಾಗೆ. ಅವಳು ತಡೆಯಲಿಲ್ಲ. ತಡೆಯಲು ಕೈ ಏಳಬೇಕಲ್ಲ.

ಅಡುಗೆಮನೆಗೆ ನುಗ್ಗಿ ಅರೆದದ್ದನ್ನು ಚೆಲ್ಲಬಹುದಿತ್ತು. ಚೆಲ್ಲಿದರೆ ನನ್ನನ್ನು ಕಂಬಕ್ಕೆ ಕಟ್ಟಿ ಮತ್ತೆ ಅರೆಯುತ್ತಿದ್ದರು. ಡಬ್ಬದಲ್ಲಿ ಇನ್ನೂ ಮೂರು ಸೇರಿತ್ತು, ನಾನೇ ತಂದದ್ದು.

ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಹುಲ್ಲಿನ ಕೋಣೆಯ ಬಾಗಿಲ ಸಂದಿಗೆ ಬಾಯಿಟ್ಟೆ.

“ಅಕ್ಕಾ, ನಾನು ಮರಿಮಲ್ಲ.”

“ಎಲ್ಲಾ ಕೇಳುಸ್ತು. ಜಗಲಿಲಿ ಕೂಗಾಡ್ತಿದ್ರಲ್ಲ.” ಒಳಗಿನ ದನಿಯಲ್ಲಿ ನಡುಕವಿರಲಿಲ್ಲ. “ನಿಮ್ಗ ನಿಜ ಹೇಳ ಅಭ್ಯಾಸ ಇಲ್ಲ ಕಣಪ್ಪ. ಅದುಕ್ಕೆ ಹದ ಕೆಡ್ತು. ಚಿಲಕ ತಗೀರಿ.”

“ತಗದು?”

“ಅರದಾದ ಮ್ಯಾಲ ಆ ಮುದ್ಕಿ ಬಾಳೆಲ ಮುಚ್ಚಿಟ್ಟು ಬಾವಿಗ ಬತ್ತಾಳ. ಮೂರ್ ಕೊಡ ನೀರ್ ಹುಯ್ಕಂಡು ಒದ್ದ ಸೀರಲೇ ಕುಡ್ಸಬೇಕು, ಅದು ಅವ್ಳ ಕಟ್ಟಳ. ಅಷ್ಟೊತ್ತು ಅಡಗಮನಲಿ ಯಾರೂ ಇರಲ್ಲ. ನನ್ ಮಡಕಲಿ ಪುಡಿ ಅದ. ನೀರಲ್ಲಿ ಕಲಸಿ ಆ ಜಾಗಕ್ಕ ಇಕ್ತೀನಿ. ಹಣತ ಬೆಳಕಲ್ಲಿ ಎಲ್ಲಾ ಹಳದಿನೂ ಒಂದೇಯ.”

“ಸಿಕ್ಬಿದ್ರ?”

“ಸಿಕ್ಬಿದ್ರ ಮದ್ದಿಕ್ತಿದ್ದಾಗ್ಲೇ ಹಿಡುದ್ರು ಅಂತಾರ. ಆಮ್ಯಾಲ ನಿಮ್ ಮಗ್ಳೂ ಉಳ್ಯಲ್ಲ, ನಾನೂ ಉಳ್ಯಲ್ಲ. ನಾನು ಕೆಲ್ಸ ಮುಗಿಸಿ ಹಿತ್ಲ ಬಾಗ್ಲ ಹೊರಗಿಂದ ಅಗಳಿ ಹಾಕ್ತೀನಿ. ಆ ಸದ್ದು ಕೇಳಗಂಟ ಯಜಮಾನ್ರು ಜಗಲಿ ಬುಟ್ಟು ಏಳಂಗಿಲ್ಲ. ಹಾಲು ಒಲ ಮ್ಯಾಲದ. ಅವ್ರು ಹಾಲಿಗ ಒಳಗ ಬಂದ್ರ ಮುಗೀತು.”

“ಹೆಂಗ್ ಕೂರ್ಸ್ಲಿ?”

“ಅದ ನಿಮ್ಗ ನಾ ಹೇಳ್ಕೊಡಬೇಕಾ?”

ಚಿಲಕ ತೆಗೆದೆ.

ಜಗಲಿಗೆ ಬಂದೆ. ಕಲ್ಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಬಾವಿಯ ರಾಟೆ ಕಿರ್ರ್ ಎಂದಿತು. ಒಂದು ಕೊಡ.

ಪುಟ್ಟಮಲ್ಲಪ್ಪನವರು ಮೊಣಕಾಲಿನ ಮೇಲೆ ಕೈಯೂರಿ ಏಳಲು ಹೊರಟರು.

ಓದುವವರೇ, ಆಣೆ ಇಟ್ಟದ್ದು ನೆನಪಿದೆ. ನಾನು ನಿಮಗೆ ಹೇಳುತ್ತಿರುವುದು ಈಗಲೂ ನಿಜ. ಆದರೆ ಬೀಗರಿಗೆ ಮುಂದೆ ಹೇಳಿದ್ದಕ್ಕೆ ಮಾದಪ್ಪ ನನ್ನ ಲೆಕ್ಕ ಬೇರೆ ನೋಡಿಕೊಳ್ಳಲಿ.

“ಬೀಗ್ರೇ,” ಎಂದೆ, ಕಂಬಕ್ಕೆ ಒರಗಿ, ನಿಧಾನವಾಗಿ. “ತಪ್ಪಾಯ್ತು. ಬಸ್ಸಿನ ಮಾತ ಬುಡಿ. ನಿಜ ಹೇಳ್ತೀನಿ. ಅವತ್ತು ನಿಮ್ಗ ಹುಲಿ ಕತ ಅರ್ಧನೇ ಹೇಳಿದ್ದು.”

ಅವರ ಕೈ ಮೊಣಕಾಲಿನ ಮೇಲೇ ನಿಂತಿತು. “ಅರ್ಧನಾ?”

“ಬಾಲ ಆಡ್ಸಿ ಹೋಯ್ತು ಅಂದ್ನಲ್ಲ, ಆ ಹುಲಿ ವಾಪಸ್ ಬಂತು.”

“ಎಲ್ಲಿಗ?”

“ನನ್ ಮನ ಬಾಗ್ಲಿಗ.”

ಪುಟ್ಟಮಲ್ಲಪ್ಪನವರು ಕುಳಿತರು. ದೇವರೇ, ಕುಳಿತರು. ಹಿತ್ತಲಲ್ಲಿ ರಾಟೆ ಕಿರ್ರ್ ಎಂದಿತು. ಎರಡು ಕೊಡ. ಅಗಳಿಯ ಸದ್ದು ಇನ್ನೂ ಇಲ್ಲ.

“ಬೆಳಗಾನ ಎದ್ದು ನೋಡ್ತೀನಿ, ಜಗಲಿ ಮ್ಯಾಲ ಕೂತದ. ಥೇಟ್ ನಿಮ್ಮಂಗೇಯ, ಕಾಲಿಳಿಬುಟ್ಟು. ಗಾಯ ಎಲ್ಲಾ ಮಾಯ್ದದ, ಮೈ ಥಳಥಳ ಅಂತದ, ಹೊಸ ಬಸ್ಸಿದ್ದಂಗ. ಆದ್ರ ಮುಖದಲ್ಲಿ ಕಳ ಇಲ್ಲ.”

“ಯಾಕಂತ?”

“ನಾನೂ ಅದ್ನೇ ಕೇಳ್ದಿ. ಯಾಕವ್ವ ಹಿಂಗಾದಯ್ಯ ಅಂದಿ. ಅದು ಮುಂಗಾಲ ಎತ್ತಿ ತೋರಿಸಕ್ ನೋಡ್ತು ಬೀಗ್ರೇ. ಎತ್ತಕ್ ಆಗ್ನಿಲ್ಲ. ಪಂಜ ಜೋತ್ ಬಿದ್ದದ.”

ಪುಟ್ಟಮಲ್ಲಪ್ಪನವರ ಬಾಯಿ ಸ್ವಲ್ಪ ತೆರೆದುಕೊಂಡಿತು. ಅವರ ಕಣ್ಣು ನಡುಮನೆಯ ಕಡೆಗೆ, ಸೊಸೆಯ ಕೋಣೆಯ ಕಡೆಗೆ ಹೋಗಿ ಬಂತು. ಅಷ್ಟು ಹೊತ್ತು ನಿಜ ಹೇಳಿ ತಾಗಿಸಲಾಗದ್ದು ಒಂದು ಸುಳ್ಳಿಗೆ ತಾಗಿತ್ತು.

“ಪಂಜ... ಜೋತ್ ಬಿದ್ದಿತ್ತಾ?”

“ಹೂ ಕಣಿ. ನಾನು ಹತ್ರ ಹೋದಿ. ಬಾಯಿ ತೆಗಿಯವ್ವ ಅಂದಿ. ತೆಗೀತು.”

ಮೂರನೆಯ ಸಲ ರಾಟೆ ಕಿರಗುಟ್ಟಿತು. ಅಗಳಿ ಬೀಳಲಿಲ್ಲ. ಅದರ ಬದಲು ಒಳಗಿನಿಂದ ಒಂದು ವಾಸನೆ ಬಂತು, ಒಲೆಯ ಕೆಂಡಕ್ಕೆ ಹಾಲು ಉಕ್ಕಿ ಸುಟ್ಟ ವಾಸನೆ. ಬೀಗರ ಮೂಗು ಅರಳಿತು.

“ಹಾಲು!”

“ಇರಿ ಬೀಗ್ರೇ, ಮುಖ್ಯವಾದ್ದು ಇಲ್ಲೇ ಅದ. ಆ ಹುಲಿ ವಸಡಿನ ಅಂಚಿಗ, ನಾ ಕಣ್ಣಾರ ಕಂಡಿ, ನೀಲಿ ಗೆರ ಇತ್ತು, ನಿಮ್ ಸೊಸಗ ಇದ್ದಂಗೇಯ, ಅದು ನನ್ ಮುಖ ನೋಡಿ ಏನಂತು ಅಂದ್ರ, ಮರಿಮಲ್ಲಪ್ಪ, ನಾ ಹೊರಳಿದ್ದು ಅರಿಸಿಣದ ಮ್ಯಾಲಲ್ಲ ಕಣಪ್ಪ, ಆ ಹೊಲದಲ್ಲಿ ಯಾರೋ...”

ಪುಟ್ಟಮಲ್ಲಪ್ಪನವರು ಎದ್ದು, ಪಂಚೆ ಎತ್ತಿ ಕಟ್ಟಿಕೊಂಡು, ಹೊಸಿಲು ದಾಟಿ ಅಡುಗೆಮನೆಯ ಕಡೆಗೆ ನಡೆದುಬಿಟ್ಟರು.